ಕೊರಳಪಟ್ಟಿ ಹಿಡಿದ ಕೈ

ಬೀದಿಯ ಮಕ್ಕಳು ಅವನಿಗೆ ಇಟ್ಟ ಹೆಸರು ನಾಯಿಮಾವ. ಆ ಮಕ್ಕಳು ಬೆಳೆದು, ಮದುವೆಯಾಗಿ, ತಮ್ಮ ಮಕ್ಕಳಿಗೂ ಅದೇ ಹೆಸರನ್ನು ದಾಟಿಸಿದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಮೂವತ್ತೊಂದು ವರ್ಷ ಬೆಳಗ್ಗೆ ಏಳಕ್ಕೆ ಸರಿಯಾಗಿ ವಿಜ್ಞಾನ ಸಂಸ್ಥೆಯ ಹಿಂದಿನ ಗೇಟು ತೆಗೆದು, ನಲವತ್ತು ನಾಯಿಗಳ ಗೂಡು ತೊಳೆದು, ಗಂಜಿ ಹಾಕಿ, ಕಿವಿಯೊಳಗಿನ ಉಣ್ಣಿ ಹೆಕ್ಕಿ, ಸಂಜೆ ಮೈಯೆಲ್ಲ ಫಿನಾಯಿಲು ನಾರುತ್ತ ಮನೆಗೆ ಬರುವವನನ್ನು ಜನ ಇನ್ನೇನೆಂದು ಕರೆಯಬೇಕು? ಬಸ್ಸಿನಲ್ಲಿ ಅವನ ಪಕ್ಕದ ಸೀಟು ಕೊನೆಯ ನಿಲ್ದಾಣದವರೆಗೂ ಖಾಲಿ ಇರುತ್ತಿತ್ತು. "ನಂಗಿರೋ ರಾಜಯೋಗ ಯಾರಿಗಿದೆ ಹೇಳು, ದಿನಾ ಕಾಲು ಚಾಚ್ಕೊಂಡು ಬರ್ತೀನಿ" ಎಂದು ಹೆಂಡತಿಗೆ ಹೇಳಿ ನಗುತ್ತಿದ್ದ. ಹೆಂಡತಿ ನಗುತ್ತಿರಲಿಲ್ಲ. ಬಾಗಿಲ ಬಳಿಯೇ ಬಕೆಟ್ಟು ನೀರು, ಸೋಪು ಇಟ್ಟಿರುತ್ತಿದ್ದಳು.

ಎರಡು ಕೋಣೆಯ ಆ ಮನೆಯಲ್ಲಿ ಇದ್ದವರು ಮೂರೇ ಜನ: ಅವನು, ಹೆಂಡತಿ, ಅಕ್ಕ. ಮಕ್ಕಳಾಗಲಿಲ್ಲ. ಅಕ್ಕನಿಗೆ ಮದುವೆಯೇ ಆಗಲಿಲ್ಲ, ಅದಕ್ಕೆ ಕಾರಣ ಅವನೇ. ಅವನಿಗೆ ನಾಲ್ಕು ತುಂಬುವಷ್ಟರಲ್ಲಿ ತಾಯಿ ಹೋದಳು. ಆರು ತುಂಬಿದಾಗ ತಂದೆ ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟವನು ಇವತ್ತಿಗೂ ಬಂದಿಲ್ಲ. ಹದಿನೆಂಟರ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ ತಮ್ಮನನ್ನು ಸಾಕಿದಳು. ಮದುವೆಯಾಗುತ್ತೇನೆಂದು ಬಂದವರಿಗೆಲ್ಲ ಅವಳದು ಒಂದೇ ಪ್ರಶ್ನೆ: "ಇವನೂ ನನ್ ಜೊತೆ ಬರ್ತಾನೆ, ಆಗುತ್ತಾ?" ಯಾರಿಗೂ ಆಗಲಿಲ್ಲ. ಮೂರನೆಯವನು ಹೋದ ಮೇಲೆ ಅವಳು ಆ ಪ್ರಶ್ನೆ ಕೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಎಕ್ಸ್‌ಚೇಂಜಿನಲ್ಲಿ ಅವಳ ಅಡ್ಡಹೆಸರು ಡೈರೆಕ್ಟರಿ. ಆಗ ಊರಿನಲ್ಲಿದ್ದ ಫೋನುಗಳು ಎರಡು ಸಾವಿರಕ್ಕೆ ಒಂದಿಷ್ಟು ಕಡಿಮೆ. ಅಷ್ಟೂ ನಂಬರು ಅವಳ ನಾಲಿಗೆಯ ತುದಿಯಲ್ಲಿದ್ದವು. ಯಾರೂ ಅವಳಿಗೆ ನಂಬರು ಹೇಳುತ್ತಿರಲಿಲ್ಲ. "ಕನ್ನಡಕದ ಅಂಗಡಿ ಕೊಡಮ್ಮ", "ಹಲ್ಲು ಡಾಕ್ಟರು ಕೊಡಮ್ಮ" ಎಂದರೆ ಸಾಕಿತ್ತು. ಒಮ್ಮೊಮ್ಮೆ ಅದೂ ಬೇಕಾಗುತ್ತಿರಲಿಲ್ಲ. ಹಲೋ ಎಂದವರ ದನಿ ಕೇಳಿಯೇ, "ನಿಮ್ ಮಗಳ ಮನೆ ತಾನೇ? ಈಗ ಮಾಡ್ಬೇಡಿ, ಮಗು ಮಲಗಿರುತ್ತೆ" ಎಂದು ಗದರಿಸಿ ಇಡುತ್ತಿದ್ದಳು. ಯಂತ್ರಗಳು ಬಂದು ಎಕ್ಸ್‌ಚೇಂಜು ಮುಚ್ಚಿದ ಮೇಲೂ ನಂಬರುಗಳು ಅವಳನ್ನು ಬಿಡಲಿಲ್ಲ. ಬಟಾಣಿ ಸುಲಿಯುತ್ತ ಕೂತರೆ ಒಂದೊಂದು ಕಾಳಿಗೆ ಒಂದೊಂದು ನಂಬರು ಹೇಳಿಕೊಳ್ಳುವಳು. ಅರ್ಧಕ್ಕರ್ಧ ಜನ ಸತ್ತುಹೋಗಿದ್ದರು, ಉಳಿದವರ ನಂಬರು ಬದಲಾಗಿತ್ತು. ಊರಿಗೆ ಬೇಡವಾದದ್ದನ್ನು ಊರಿನ ಪರವಾಗಿ ಒಬ್ಬಳು ಕಾಪಾಡಿಕೊಂಡು ಬಂದಿದ್ದಳು, ಯಾರೂ ಅದಕ್ಕೆ ಅವಳಿಗೆ ಪೆನ್ಷನ್ ಹೆಚ್ಚಿಸಲಿಲ್ಲ.

ಇನ್ನು ನಾಯಿಮಾವನ ಕೆಲಸದ ವಿಷಯ. ಸಂಸ್ಥೆಯಲ್ಲಿ ಅವನಿದ್ದದ್ದು ನೆನಪಿನ ವಿಭಾಗ. ಮುದಿ ನಾಯಿಗಳಿಗೂ ಮುದಿ ಮನುಷ್ಯರಂತೆಯೇ ಮರೆವು ಬರುತ್ತದೆ. ಆದ್ದರಿಂದ ನಾಯಿಯ ಮರೆವಿಗೆ ಮದ್ದು ಸಿಕ್ಕರೆ ಮನುಷ್ಯನಿಗೂ ಸಿಕ್ಕಿತೆಂದು ಲೆಕ್ಕ. ಪರೀಕ್ಷೆ ಬಲು ಸರಳ. ಮೇಜಿನ ಮೇಲೆ ಎರಡು ಸ್ಟೀಲು ಬಟ್ಟಲು ಬೋರಲು ಹಾಕಿರುತ್ತಾರೆ. ನಾಯಿಯ ಕಣ್ಣೆದುರಿಗೇ ಒಂದರ ಕೆಳಗೆ ಮಾಂಸದ ತುಂಡು ಇಡುತ್ತಾರೆ. ಮೂಗಿನ ಸಹಾಯ ಸಿಗಬಾರದೆಂದು ಎರಡು ಬಟ್ಟಲಿಗೂ ಮಾಂಸದ ರಸ ಬಳಿದಿರುತ್ತದೆ. ಪರದೆ ಎಳೆದು ಎರಡು ನಿಮಿಷ ಬಿಟ್ಟು ತೆಗೆಯುತ್ತಾರೆ. ನಾಯಿ ಸರಿಯಾದ ಬಟ್ಟಲಿಗೆ ಮೂತಿ ಇಟ್ಟರೆ ನೆನಪಿದೆ, ಇಲ್ಲದಿದ್ದರೆ ಇಲ್ಲ. ಎರಡು ಬಟ್ಟಲು, ಒಂದು ತುಂಡು ಮಾಂಸ; ಅದನ್ನು ನೋಡಿ ಬರೆದುಕೊಳ್ಳುವುದಕ್ಕೆ ನಾಲ್ಕು ಡಿಗ್ರಿ ಓದಿದ ಡಾಕ್ಟರಮ್ಮ.

ಅಷ್ಟು ಹೊತ್ತೂ ನಾಯಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಕೊರಳಪಟ್ಟಿಯೊಳಗೆ ಬೆರಳು ತೂರಿಸಿ ಹಿಡಿದುಕೊಳ್ಳುವುದು ನಾಯಿಮಾವನ ಕೆಲಸ. ಪಟ್ಟಿ ಹಿಡಿದವನಿಗೆ ಮಾಂಸ ಎಲ್ಲಿದೆಯೆಂದು ಗೊತ್ತಾಗಬಾರದು, ಹಾಗಾಗಿ ಅವನು ಗೋಡೆ ನೋಡುತ್ತಿರಬೇಕೆಂಬ ನಿಯಮವಿತ್ತು. ಅವನು ನಿಯಮ ತಪ್ಪುವ ಆಳಲ್ಲ. ಗೋಡೆಯನ್ನೇ ನೋಡುತ್ತಿದ್ದ. ಗೋಡೆಯ ಮೇಲೊಂದು ಗಡಿಯಾರವಿತ್ತು, ಅದರ ಗಾಜಿನಲ್ಲಿ ಮೇಜು, ಬಟ್ಟಲು, ಡಾಕ್ಟರಮ್ಮನ ಕೈ ಎಲ್ಲವೂ ಕಾಣುತ್ತಿದ್ದವು.

ಮೂರು ವಾರ ಸತತವಾಗಿ ತಪ್ಪಿದ ನಾಯಿಯನ್ನು 'ರಿಟೈರ್' ಮಾಡುತ್ತಿದ್ದರು. ಅದು ಸಂಸ್ಥೆಯವರ ಮಾತು. ಗೂಡುಗಳ ಸಾಲಿನ ಕೊನೆಯಲ್ಲಿ ಒಂದು ತಣ್ಣನೆಯ ಕೋಣೆಯಿತ್ತು. ಸೂಜಿ ಚುಚ್ಚಿ, ಆಮೇಲೆ ತಲೆ ತೆರೆದು ಮಿದುಳು ನೋಡುವರು. ಅಲ್ಲಿಯವರೆಗೆ ನಾಯಿಯನ್ನು ನಡೆಸಿಕೊಂಡು ಹೋಗಬೇಕಾದವನೂ ನಾಯಿಮಾವನೇ. ಬೇರೆ ಯಾರು ಕರೆದರೂ ಅವು ಬರುತ್ತಿರಲಿಲ್ಲ, ಇವನು ಕರೆದರೆ ಬಾಲ ಅಲ್ಲಾಡಿಸುತ್ತ ಬರುತ್ತಿದ್ದವು. ಈ ಒಂದು ಕೆಲಸಕ್ಕಾಗಿ ಅವನು ತನ್ನನ್ನು ಎಂದೂ ಕ್ಷಮಿಸಿಕೊಂಡಿರಲಿಲ್ಲ. ಮನೆಯಲ್ಲಿ ಅದರ ಸುದ್ದಿ ಎತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಒಂದು ಹೆಣ್ಣು ನಾಯಿ ಇತ್ತು, ಅವನು ಮುದುಕಿ ಎಂದು ಕರೆಯುತ್ತಿದ್ದ. ಹಲ್ಲಿಲ್ಲ, ಒಂದು ಕಣ್ಣಿಗೆ ಪೊರೆ, ಆದರೂ ಬೆಳಗ್ಗೆ ಅವನ ಚಪ್ಪಲಿಯ ಸದ್ದಿಗೆ ಎದ್ದು ನಿಲ್ಲುವಳು. ಎರಡು ವಾರ ತಪ್ಪಿದ್ದಳು. ಮೂರನೆಯ ವಾರ ಪರದೆ ತೆಗೆದಾಗ ಅವಳು ಸುಮ್ಮನೆ ಗಾಳಿ ನೋಡುತ್ತ ನಿಂತಿದ್ದಳು. ಅವನ ಹೆಬ್ಬೆರಳು ಪಟ್ಟಿಯೊಳಗೆ ಎಡಗಡೆಗೆ ಮೆಲ್ಲಗೆ ಒತ್ತಿತು. ಮುದುಕಿ ಎಡಕ್ಕೆ ಹೋಗಿ ಬಟ್ಟಲು ಮೂಸಿದಳು. ಡಾಕ್ಟರಮ್ಮ ಸರಿ ಎಂದು ಗುರುತು ಹಾಕಿದರು. ಅವಳು ಇನ್ನೂ ಹದಿನಾಲ್ಕು ತಿಂಗಳು ಬದುಕಿ ಬಿಸಿಲಲ್ಲಿ ಮಲಗಿದ್ದ ಹಾಗೇ ಪ್ರಾಣ ಬಿಟ್ಟಳು. ಆಮೇಲೆ ಅವನು ಎಲ್ಲ ನಾಯಿಗಳಿಗೂ ಒತ್ತತೊಡಗಿದ. ಯಾರಿಗೂ ಭೇದ ಮಾಡಲಿಲ್ಲ. ಕೆಲವಕ್ಕೆ ತಿಳಿಯುತ್ತಿತ್ತು, ಕೆಲವಕ್ಕೆ ತಿಳಿಯುತ್ತಿರಲಿಲ್ಲ. ತಿಳಿಯದವು ರಿಟೈರ್ ಆಗುತ್ತಿದ್ದವು. ಅವುಗಳನ್ನು ಬಯ್ದುಕೊಳ್ಳುತ್ತ, ಪಾಪ ದಡ್ಡ ಮುಂಡೇವು ಎಂದು ಕಣ್ಣೊರೆಸಿಕೊಳ್ಳುತ್ತ ನಡೆಸಿಕೊಂಡು ಹೋಗುವನು.

ಹೊಸ ಮಾತ್ರೆ ಬಂದದ್ದು ಆಮೇಲೆ. ಅರ್ಧ ನಾಯಿಗಳಿಗೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ಬರೀ ಹಿಟ್ಟಿನ ಮಾತ್ರೆ. ಎರಡೂ ಬಿಳುಪು, ಎರಡೂ ದುಂಡಗೆ. ಯಾವುದು ಯಾವುದೆಂದು ಬೀರುವಿನಲ್ಲಿ ಬೀಗ ಹಾಕಿದ ಕಾಗದಕ್ಕೆ ಮಾತ್ರ ಗೊತ್ತು. ಕೆಲವು ನಾಯಿಗಳು ಗಂಜಿಯ ಜೊತೆ ಗುಳುಂ ಮಾಡಿದವು. ಕೆಲವು ಮೂಸಿ, ಮೂತಿ ತಿರುಗಿಸಿ, ಹಸಿದುಕೊಂಡೇ ಕೂತವು. "ಜಂಭ ನೋಡು ಇವಕ್ಕೆ" ಎಂದುಕೊಂಡ ನಾಯಿಮಾವ. ಜಂಭದವಕ್ಕೆ ಬೇಯಿಸಿದ ಮೊಟ್ಟೆಯ ಹಳದಿಯಲ್ಲಿ ಮಾತ್ರೆ ಹುದುಗಿಸಿ, ನಾಲಿಗೆಯ ಬುಡಕ್ಕೆ ತಳ್ಳಿ, ಬಾಯಿ ಮುಚ್ಚಿ ಹಿಡಿದು, ನುಂಗುವ ತನಕ ಹೆಬ್ಬೆರಳಿನಿಂದ ಗಂಟಲು ನೀವುತ್ತಿದ್ದ. ದಿನಕ್ಕೆರಡು ಸಲ, ಎಂಟು ತಿಂಗಳು. ವರ್ಷದ ಕೊನೆಗೆ ಬೀಗ ತೆಗೆದು ಕಾಗದ ನೋಡಿದರೆ, ಮಾತ್ರೆ ತಿಂದ ನಾಯಿಗಳು ಹಿಟ್ಟು ತಿಂದವುಗಳಿಗಿಂತ ಎರಡು ಪಟ್ಟು ಚುರುಕಾಗಿದ್ದವು. ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ನಾಯಿಮಾವನೂ ಹಿಗ್ಗಿದ. ಹೆಬ್ಬೆರಳಿನ ಸುಳಿವು ತಿಳಿಯಬೇಕಾದರೂ ಒಂದಿಷ್ಟು ಬುದ್ಧಿ ಬೇಕಲ್ಲ, ಆ ಬುದ್ಧಿಯನ್ನು ಮಾತ್ರೆಯೇ ಕೊಟ್ಟಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಪತ್ರಿಕೆಗಳಲ್ಲಿ ಡಾಕ್ಟರಮ್ಮನ ಫೋಟೋ ಬಂತು. ಒಂದರಲ್ಲಿ ಮೂಲೆಯಲ್ಲಿ ನಾಯಿಮಾವನ ಮೊಣಕೈಯೂ ಇತ್ತು. ಅದುವರೆಗೆ ಅವನನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಬೀದಿ ಆ ವಾರದಿಂದ ಬಾಗಿಲಿಗೆ ಬರತೊಡಗಿತು. ಮೂಲೆಮನೆಯ ದರ್ಜಿ ತನ್ನ ಮಾವನಿಗೆ ಎರಡು ಮಾತ್ರೆ ತಂದುಕೊಡಬಹುದೇ ಎಂದು ಕೇಳಿದ. ಬಸ್ಸಿನಲ್ಲಿ ಒಬ್ಬಳು ಪಕ್ಕದಲ್ಲೇ ಕೂತು ತನ್ನ ತಾಯಿಯ ಕಥೆಯನ್ನೆಲ್ಲ ಹೇಳಿದಳು. ಅವನು ಕಾಲು ಮಡಿಸಿಕೊಂಡು ಕೇಳಿದ. ಜನರ ಮರೆವಿನ ಮುಂದೆ ನಾಯಿಯ ಮರೆವು ಎಷ್ಟರದು ಎಂದು ಅವನಿಗೆ ಅನ್ನಿಸಿತು.

ಅದೇ ಹೊತ್ತಿಗೆ ಅಕ್ಕನಿಗೆ ಮರೆವು ಶುರುವಾಗಿತ್ತು. ಮೊದಲು ಒಲೆ ಆರಿಸುವುದು ಮರೆತಳು. ಅದು ಎಲ್ಲರೂ ಮರೆಯುವುದೇ. ಆಮೇಲೊಂದು ದಿನ ಬ್ರೆಡ್ಡು ತರಲು ಹೋದವಳು ಪಕ್ಕದ ಮನೆಯ ಮುಂದೆ ನಿಂತು, ನನಗೆ ಹೇಳದೆ ಬೀಗ ಬದಲಾಯಿಸಿದ್ದು ಯಾರು ಎಂದು ರಂಪ ಮಾಡಿದಳು. ಬಟಾಣಿ ಸುಲಿಯುವಾಗ ನಂಬರುಗಳ ನಡುವೆ ಖಾಲಿ ಬೀಳತೊಡಗಿತು. ಖಾಲಿ ಬಿದ್ದಲ್ಲಿ ಅವಳು ಕಾಳು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿರುವಳು. ಅವಳಿಗೆ ಊರಿನ ನಂಬರೆಲ್ಲ ಮರೆತುಹೋಗಲಿ, ತಾನೊಬ್ಬ ನೆನಪಿದ್ದರೆ ಸಾಕೆಂದು ನಾಯಿಮಾವ ಬೇಡಿಕೊಂಡ. ಯಾರಲ್ಲಿ ಬೇಡಿಕೊಂಡನೋ ಅವನಿಗೇ ತಿಳಿಯದು.

ಡಾಕ್ಟರಮ್ಮನಿಗೆ ವಿಷಯ ಗೊತ್ತಾಗಿ ಅವರೇ ಕರೆದರು. "ಮನುಷ್ಯರಿಗೆ ಕೊಟ್ಟು ನೋಡೋದು ಈಗ ಶುರುವಾಗಿದೆ. ನಿಮ್ಮಕ್ಕನ್ನೂ ಸೇರಿಸ್ಕೊಳ್ಳೋಣ. ಇಷ್ಟು ವರ್ಷ ದುಡಿದಿದ್ದೀರಿ, ನಿಮಗಲ್ದೆ ಇನ್ಯಾರಿಗೆ?"

ಅವನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಒಂದು ಕಾಗದಕ್ಕೆ ಸಹಿ ಹಾಕಿದ; ಅದರಲ್ಲಿ ಹೊಟ್ಟೆ ತೊಳಸಬಹುದು, ಕೈ ನಡುಗಬಹುದು ಎಂದು ಸಣ್ಣ ಅಕ್ಷರದಲ್ಲಿತ್ತು. ಮಾತ್ರೆಗೆ ಮುಂಚಿನ ಪರೀಕ್ಷೆಗೆ ಅಕ್ಕನನ್ನು ಕರೆದುಕೊಂಡು ಹೋದದ್ದು ಹೆಂಡತಿ. ಒಂದು ಚಿತ್ರದ ಕಾರ್ಡು ತೋರಿಸಿ, ಎರಡು ನಿಮಿಷ ಬಿಟ್ಟು, ಎರಡು ಕಾರ್ಡು ಮುಂದಿಟ್ಟು, ನೀವು ನೋಡಿದ್ದು ಯಾವುದೆಂದು ಕೇಳುತ್ತಾರೆ. ಇಪ್ಪತ್ತು ಸಲ. ಅಕ್ಕನಿಗೆ ಒಂಬತ್ತು ಬಂತು.

ತಿಂಗಳ ನಂತರದ ಪರೀಕ್ಷೆಗೆ ನಾಯಿಮಾವನೇ ಕರೆದುಕೊಂಡು ಹೋದ. ಅಪರಿಚಿತ ಕೋಣೆಯಲ್ಲಿ ಅಕ್ಕ ಗಾಬರಿಯಾಗದಿರಲೆಂದು ಪಕ್ಕದಲ್ಲೇ ಕೂತು ಅವಳ ಕೈ ಹಿಡಿದುಕೊಂಡ. ರಸ್ತೆಯಲ್ಲಿ ಅವಳನ್ನು ನಡೆಸುವಾಗಲೂ ಹಾಗೆಯೇ ಹಿಡಿಯುತ್ತಿದ್ದ. ಎಡಕ್ಕೆ ತಿರುಗಬೇಕಾದರೆ ಎಡಕ್ಕೆ ಒತ್ತು, ಬಲಕ್ಕಾದರೆ ಬಲಕ್ಕೆ. ಎರಡು ಕಾರ್ಡು ಬಂದವು. ಅಕ್ಕ ಸುಮ್ಮನಿದ್ದಳು. ಅವನ ಹೆಬ್ಬೆರಳು ಬಲಕ್ಕೆ ಒತ್ತಿತು. ಅಕ್ಕ ಬಲಗಡೆಯ ಕಾರ್ಡು ಮುಟ್ಟಿದಳು. ಆ ತಿಂಗಳು ಕೈ ತಾನಾಗಿಯೇ ಒತ್ತಿತ್ತು, ಅದು ಅವನಿಗೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೊಳೆಯಿತು. ಎರಡನೆಯ ತಿಂಗಳು ಅವನೇ ಒತ್ತಿದ. ಮನುಷ್ಯರನ್ನು ತಣ್ಣನೆಯ ಕೋಣೆಗೆ ಒಯ್ಯುವುದಿಲ್ಲವೆಂದು ಅವನಿಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತಪ್ಪಿದವರು ಏನಾಗುತ್ತಾರೆಂಬುದನ್ನು ಮೂವತ್ತೊಂದು ವರ್ಷ ಕಣ್ಣಾರೆ ಕಂಡವನ ಕೈಗೆ ಅದನ್ನು ಹೇಳುವವರು ಯಾರು? ಅಕ್ಕನ ಅಂಕ ಹದಿನಾರಾಯಿತು, ಹದಿನೇಳಾಯಿತು.

"ನೋಡಿದ್ರಾ!" ಎಂದರು ಡಾಕ್ಟರಮ್ಮ, ಅವರ ಕಣ್ಣಲ್ಲಿ ನೀರಿತ್ತು. "ನಿಲ್ಲಿಸ್ಬೇಡಿ. ಈಗ ನಿಲ್ಲಿಸಿದ್ರೆ ಒಂದೇ ಸಲ ಕುಸಿದುಬಿಡ್ತಾರೆ."

ಮನೆಯಲ್ಲಿ ಬೇರೆಯೇ ಕಥೆ. "ಅಲ್ಲಿ ಹದಿನೇಳಂತೆ, ಇಲ್ಲಿ ಕಕ್ಕಸಿನ ಬಾಗಿಲು ಯಾವ್ದು ಅಂತ ಗೊತ್ತಾಗಲ್ಲ" ಎಂದಳು ಹೆಂಡತಿ. "ನನ್ನನ್ನ ಎಕ್ಸ್‌ಚೇಂಜಿಗೆ ಬಂದ ಹೊಸ ಹುಡುಗಿ ಅಂದ್ಕೊಂಡಿದಾರೆ. ವೈರು ಸರಿಯಾಗಿ ಚುಚ್ಚು ಅಂತ ಬೈತಾರೆ. ಅದು ಬಿಡಿ, ಅತ್ತಿಗೆ ಏನೂ ತಿಂತಿಲ್ಲ ಕಣ್ರೀ. ತಿಂದಿದ್ದು ನಿಲ್ತಿಲ್ಲ. ಕೈ ನೋಡಿ, ಲೋಟ ಹಿಡಿಯೋಕಾಗಲ್ಲ."

ಅಕ್ಕ ಸೊರಗಿ ಕಡ್ಡಿಯಾಗಿದ್ದಳು. ಮಾತ್ರೆ ಬಾಯಿಗಿಟ್ಟರೆ ಥೂ ಎಂದು ಉಗುಳುವಳು. ಅಂಕ ಏರುತ್ತಿರುವಾಗ ಮಾತ್ರೆ ಬಿಡಿಸುವುದು ಹೇಗೆ? ನಾಯಿಮಾವ ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದ. ಮೊಟ್ಟೆ ಬೇಯಿಸಿ, ಹಳದಿಯಲ್ಲಿ ಮಾತ್ರೆ ಹುದುಗಿಸಿ, ಅಕ್ಕನ ಬಾಯಿಗಿಟ್ಟು, ಗದ್ದ ಹಿಡಿದು ಬಾಯಿ ಮುಚ್ಚಿ, ಗಂಟಲು ನೀವಿದ. ಅವಳು ಕಣ್ಣು ಅಗಲಿಸಿ ಅವನನ್ನೇ ನೋಡುತ್ತ ನುಂಗಿದಳು. ಬೆಳಗ್ಗೆ ಒಂದು, ಸಂಜೆ ಒಂದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಗೆ ಒಂದು ದಿನ ತಡೆಯಲಾಗಲಿಲ್ಲ.

"ಏನ್ರೀ ಅದು, ನಾಯಿನ ಹಿಡಿದ ಹಾಗೆ ಹಿಡೀತೀರಲ್ಲ? ನಿಮ್ಮನ್ನ ಸಾಕಿದವರು ಅವರು!"

"ಅವಳಿಗೋಸ್ಕರವೇ ಕಣೆ" ಎಂದ. ಅಷ್ಟರಲ್ಲಿ ಅಕ್ಕ ಕೊಸರಿಕೊಂಡು ಮೊಟ್ಟೆ, ಮಾತ್ರೆ ಎರಡನ್ನೂ ಅವನ ಅಂಗೈಗೆ ಉಗುಳಿದಳು.

"ಕಹಿ ಕಣೋ! ನೀನೇ ತಿಂದ್ನೋಡು!"

ಅಕ್ಕ ಹೇಳಿದ್ದನ್ನು ಮಾಡಿ ಅಭ್ಯಾಸವಿದ್ದವನು, ಮಾಡಿದ. ಅರ್ಧ ಕರಗಿದ ಮಾತ್ರೆಯನ್ನು ನಾಲಿಗೆಗೆ ಮುಟ್ಟಿಸಿದ. ಅಂಥ ಕಹಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಾಯಿ ತೊಳೆಯಲು ಎದ್ದವನು ನಲ್ಲಿಯ ಹತ್ತಿರ ಹಾಗೇ ನಿಂತ. ಗಂಜಿ ಮೂಸಿ ಮೂತಿ ತಿರುಗಿಸಿದ ನಾಯಿಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ಅವಕ್ಕೆ ಜಂಭವಿರಲಿಲ್ಲ. ಅವು ಕಹಿಯನ್ನು ಬಿಟ್ಟಿದ್ದವು. ನಿಜವಾದ ಮಾತ್ರೆ ಸಿಕ್ಕವು ಅವೇ. ಎಂಟು ತಿಂಗಳು ದಿನಕ್ಕೆರಡು ಸಲ ಅವನ ಹೆಬ್ಬೆರಳು ಅವುಗಳ ಕೊರಳ ಮೇಲೆ ಆಡಿತ್ತು, ಅದರ ಒಂದೊಂದು ಒತ್ತೂ ಅವಕ್ಕೆ ಬಾಯಿಪಾಠವಾಗಿತ್ತು. ಹಿಟ್ಟು ತಿಂದವಕ್ಕೆ ಆ ಪಾಠವಾಗಿರಲಿಲ್ಲ. ಅವು ದಡ್ಡವಲ್ಲ, ಅವಕ್ಕೆ ಅವನ ಕೈಯ ಪರಿಚಯವಿರಲಿಲ್ಲ, ಅಷ್ಟೇ. ಅವುಗಳನ್ನು ಬಯ್ಯುತ್ತ ತಣ್ಣನೆಯ ಕೋಣೆಗೆ ಒಯ್ದಿದ್ದ. ಮಾತ್ರೆ ಏನನ್ನೂ ಮಾಡಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅವನ ಪಾಲಿಗೆ ಅದು ಆ ನಲ್ಲಿಯ ಮುಂದೆ ಆಯಿತು.

ಮಾರನೆಯ ದಿನ ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತ. ಕೂರಿ ಎಂದರು, ಕೂರಲಿಲ್ಲ.

"ಮೇಡಂ, ಆ ನಾಯಿಗಳಿಗೆ ನೆನಪಿರ್ಲಿಲ್ಲ. ನೆನಪಿದ್ದಿದ್ದು ನಂಗೆ."

ಎಲ್ಲವನ್ನೂ ಹೇಳಿದ. ಅವರು ನಡುವೆ ಒಂದೇ ಸಲ ಬಾಯಿ ಹಾಕಿದರು: "ಗೋಡೆ ನೋಡ್ತಿದ್ರಲ್ಲ ನೀವು?"

"ನೋಡ್ತಿದ್ದೆ ಮೇಡಂ. ಗೋಡೆ ಮೇಲೆ ಗಡಿಯಾರ ಇತ್ತು. ಗಡಿಯಾರಕ್ಕೆ ಗಾಜಿತ್ತು."

ಡಾಕ್ಟರಮ್ಮ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಕೂಗಾಡಿ ಹೊರಗೆ ಕಳಿಸುತ್ತಿದ್ದರು, ಅವನಿಗೂ ಹಗುರಾಗುತ್ತಿತ್ತು. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ, "ನಾಯಿಗಳ ಮಾತು ಬಿಡಿ. ಈಗ ಒಂದೂ ಉಳಿದಿಲ್ಲ, ಕೇಳೋಣ ಅಂದ್ರೆ. ನಿಮ್ಮಕ್ಕನಿಗೆ ಹದಿನೇಳು ಬಂದಿದೆಯಲ್ಲ?" ಎಂದರು.

"ಅದೂ ನಂದೇ. ಆದ್ರೆ ಒಂದೆರಡು ಅವಳದೇ ಇರಬಹುದು ಮೇಡಂ, ನಂಗೊತ್ತಿಲ್ಲ. ನನ್ನ ಕೈ ಬಿಡಿಸಿ ಇನ್ನೊಂದ್ಸಲ ನೋಡಿ."

ಅವನೇ ಕೇಳಿದ್ದು ಅದನ್ನು. ಮಾತ್ರೆ ಬಿಡಿಸಿದರೆ ಅಕ್ಕ ಕುಸಿದುಬಿಡುತ್ತಾಳೆಂಬ ಮಾತು ಬಾಯಲ್ಲಿಟ್ಟ ಬಿಸಿತುಪ್ಪವಾಗಿತ್ತು. ತಾನು ಅಂದುಕೊಂಡಿದ್ದೆಲ್ಲ ತಪ್ಪಾಗಿರಲಿ, ಅಕ್ಕ ತಾನಾಗಿಯೇ ಕಾರ್ಡು ಮುಟ್ಟಲಿ, ಇಷ್ಟೂ ಕಹಿ ಸುಮ್ಮನೆ ಹೋಗದಿರಲಿ ಎಂದು ಅವನ ಜೀವ ಹೊಡೆದುಕೊಳ್ಳುತ್ತಿತ್ತು.

ಅವನಿಲ್ಲದೆ ಅಕ್ಕ ಆ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಅದಕ್ಕೆ ಅವನಿಗೆ ಅವಳ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ಗೋಡೆಗೆ ಒರಗಿಸಿದ ಕುರ್ಚಿ ಹಾಕಿದರು. ಕೈ ಕಟ್ಟಿಕೊಂಡು ಕೂರಬೇಕು, ಮಾತಾಡಬಾರದು, ತಲೆ ಅಲ್ಲಾಡಿಸಬಾರದು. ಡಾಕ್ಟರಮ್ಮ ಕಾರ್ಡು ತೋರಿಸಿದರು: ಒಂದು ಏಣಿ. ಎರಡು ನಿಮಿಷ ಕಳೆಯಿತು. ಎರಡು ಕಾರ್ಡು ಇಟ್ಟರು: ಏಣಿ, ಛತ್ರಿ.

ಅಕ್ಕ ತನ್ನ ಖಾಲಿ ಕೈ ನೋಡಿಕೊಂಡಳು. ಪಕ್ಕ ನೋಡಿದಳು. ಆಮೇಲೆ ನಿಧಾನವಾಗಿ, ಇಡೀ ಮೈ ತಿರುಗಿಸಿ, ಹಿಂದೆ ಕೂತಿದ್ದ ಅವನ ಮುಖ ನೋಡಿದಳು.

ದಾರಿ ತಿಳಿಯದ ನಾಯಿ ಮಾಡುವುದು ಇದನ್ನೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತೋಳವಾದರೆ ತಿಳಿಯದಿದ್ದರೂ ತಾನೇ ಕೆರೆದು ಪರಚಿ ನೋಡುತ್ತದೆ. ನಾಯಿ ತಿರುಗಿ ಮನುಷ್ಯನ ಮುಖ ನೋಡುತ್ತದೆ. ತನ್ನವರಿಗೆ ಗೊತ್ತಿರುತ್ತದೆ, ಹೇಳುತ್ತಾರೆ ಎಂಬ ನಂಬಿಕೆ. ಅಕ್ಕ ಅವನಿಗೆ ಓದು ಕಲಿಸಿದ್ದಳು, ಗಡಿಯಾರ ನೋಡುವುದು ಕಲಿಸಿದ್ದಳು, ಶಾಲೆಯಲ್ಲಿ ಉತ್ತರ ಬಾರದೆ ನಿಂತಾಗ ಕಿಟಕಿಯ ಹೊರಗೆ ನಿಂತು ತುಟಿಯಾಡಿಸಿ ಹೇಳಿಕೊಟ್ಟಿದ್ದಳು. ಈಗ ಅವಳು ನೋಡುತ್ತಿದ್ದಳು. ಅವನು ಮುಖವನ್ನು ಕಲ್ಲು ಮಾಡಿಕೊಂಡು ಕೂತ. ಕಣ್ಣು ಎಡಕ್ಕೆ ಹೋದೀತೆಂದು ರೆಪ್ಪೆ ಮುಚ್ಚಿಕೊಂಡ.

"ಏನೋ?" ಎಂದಳು ಅಕ್ಕ. "ಹೇಳೋ. ಯಾಕೋ ಹೇಳಲ್ಲ?"

ಇಪ್ಪತ್ತು ಸಲವೂ ತಿರುಗಿದಳು. ಯಾವ ಕಾರ್ಡನ್ನೂ ಮುಟ್ಟಲಿಲ್ಲ. ಡಾಕ್ಟರಮ್ಮ ಸೊನ್ನೆ ಬರೆದುಕೊಂಡರು.

ಅಂದೇ ಮಾತ್ರೆ ನಿಂತಿತು. ಡಾಕ್ಟರಮ್ಮ ಅವನ ಕೈಲಿ ನಡೆದದ್ದೆಲ್ಲ ಬರೆಸಿ, ಸಹಿ ಹಾಕಿಸಿಕೊಂಡು ಮೇಲಿನವರಿಗೆ ಕಳಿಸಿದರು. ಅಷ್ಟು ಮಾಡುವುದಕ್ಕೂ ಧೈರ್ಯ ಬೇಕು, ಇಲ್ಲವೆನ್ನಬಾರದು. ಮೇಲಿನವರು ಸಮಿತಿ ಮಾಡಿದರು. ಏಳು ಜನ, ಏಳು ಕಾಫಿ, ಒಂದೂವರೆ ತಿಂಗಳು. ನಾಯಿ ನೋಡಿಕೊಳ್ಳುವವನ ಹೇಳಿಕೆಗೆ ವೈಜ್ಞಾನಿಕ ಆಧಾರವಿಲ್ಲ, ಸದರಿ ಮಹಿಳೆಯ ಕಾಯಿಲೆ ಉಲ್ಬಣಿಸಿದ್ದರಿಂದ ಆಕೆಯನ್ನು ಪಟ್ಟಿಯಿಂದ ಕೈಬಿಡಲಾಗಿದೆ, ಪ್ರಯೋಗ ಮುಂದುವರಿಯತಕ್ಕದ್ದು. ಕಾಗದ ತಂದುಕೊಟ್ಟ ಡಾಕ್ಟರಮ್ಮ ಅವನ ಮುಖ ನೋಡಲಿಲ್ಲ. "ಇದಕ್ಕಿಂತ ಹೆಚ್ಚಿಗೆ ನನ್ನಿಂದಾಗಲ್ಲ" ಎಂದರು. ನಾಯಿಮಾವನನ್ನು ನಾಯಿಗಳಿಂದ ತೆಗೆದು ಗಾಜಿನ ಸಾಮಾನಿನ ಉಗ್ರಾಣಕ್ಕೆ ಹಾಕಿದರು. ದರ್ಜಿಯ ಮಾವನಿಗೆ ಪ್ರಯೋಗದಲ್ಲಿ ಜಾಗ ಸಿಕ್ಕಿತೆಂದು ದರ್ಜಿ ಬಂದು ಕೈ ಕುಲುಕಿದ. ಬೇಡ, ಅದರಲ್ಲಿ ಏನೂ ಇಲ್ಲ ಎಂದರೆ, "ನಿಮ್ಮಕ್ಕನಿಗೆ ಆಗ್ಲಿಲ್ಲ ಅಂತ ಹೊಟ್ಟೆಕಿಚ್ಚಾ?" ಎಂದು ಮುಖ ತಿರುಗಿಸಿಕೊಂಡು ಹೋದ.

ಮಾತ್ರೆ ನಿಂತ ಹದಿನೈದು ದಿನಕ್ಕೆ ಅಕ್ಕನ ಕೈ ನಡುಕ ಕಡಿಮೆಯಾಯಿತು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಹೆಂಡತಿಯ ಕೈಯಿಂದ ಗಂಜಿ ಕುಡಿದಳು, ಬಾಳೆಹಣ್ಣು ತಿಂದಳು, ಕೆನ್ನೆಯಲ್ಲಿ ಒಂದಿಷ್ಟು ಮಾಂಸ ತುಂಬಿತು. ಆದರೆ ನಾಯಿಮಾವ ಬಟ್ಟಲು ಹಿಡಿದು ಹತ್ತಿರ ಬಂದರೆ ತುಟಿ ಬಿಗಿಯುವಳು. ಮೊದಮೊದಲು ಹಸಿವಿಲ್ಲವೇನೋ ಎಂದುಕೊಂಡರು. ಅವನು ಹೊರಗೆ ಹೋದ ತಕ್ಷಣ ಅದೇ ಬಟ್ಟಲು ಖಾಲಿಯಾಗುತ್ತಿತ್ತು.

ಒಂದು ರಜೆಯ ದಿನ ಮಧ್ಯಾಹ್ನ ಹೆಂಡತಿ ಬಟ್ಟೆ ಒಗೆಯುತ್ತಿದ್ದಳು. ಅವನು ಅನ್ನ ಕಲಸಿಕೊಂಡು ಅಕ್ಕನ ಮಂಚದ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಕ್ಕ, ಒಂದು ತುತ್ತು. ಮಾತ್ರೆ ಇಲ್ಲ ಇದ್ರಲ್ಲಿ, ನಿನ್ನಾಣೆ. ನೋಡು, ನಾನೇ ತಿಂದು ತೋರಿಸ್ತೀನಿ."

ತಿಂದು ತೋರಿಸಿದ. ಅಕ್ಕ ಗೋಡೆಯವರೆಗೂ ಹಿಂದೆ ಸರಿದು ಎರಡೂ ಕೈಯಿಂದ ತನ್ನ ಗಂಟಲು ಮುಚ್ಚಿಕೊಂಡಳು. ಅವಳಿಗೆ ಮಾತ್ರೆ ನೆನಪಿರಲಿಲ್ಲ, ಮೊಟ್ಟೆ ನೆನಪಿರಲಿಲ್ಲ, ಡಾಕ್ಟರಮ್ಮನ ಕೋಣೆ ನೆನಪಿರಲಿಲ್ಲ. ನಾಯಿಗಳು ಕಹಿಯನ್ನು ಮರೆತು ಮೊಟ್ಟೆಯನ್ನು ನೆನಪಿಟ್ಟುಕೊಂಡಿದ್ದವು, ಅದಕ್ಕೇ ಬಾಲ ಅಲ್ಲಾಡಿಸುತ್ತ ಅವನ ಹಿಂದೆ ಬಂದಿದ್ದವು. ಅಕ್ಕ ಎಲ್ಲವನ್ನೂ ಮರೆತು ಆ ಕೈಯೊಂದನ್ನು ಉಳಿಸಿಕೊಂಡಿದ್ದಳು.

"ಹತ್ರ ಬರ್ಬೇಡ" ಎಂದಳು. "ನನ್ ತಮ್ಮ ಬರ್ಲಿ, ತಾಳು. ಅವನಿಗೆ ಹೇಳಿ ನಿನ್ನ ಹೊರಗೆ ಹಾಕಿಸ್ತೀನಿ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸು ಹಾಕಿದ. "ಯಾವಾಗ ಬರ್ತಾನೆ ನಿಮ್ ತಮ್ಮ?" ಎಂದು ಕೇಳಿದ.

"ಸಂಜೆ. ನಾಯಿ ನೋಡ್ಕೊಳ್ಳೋ ಕೆಲ್ಸ ಅವಂದು. ಬಡಪಾಯಿ, ಒಂದು ಇರುವೆಗೂ ನೋವು ಮಾಡ್ದವನಲ್ಲ."

"ಹೇಳಿಯಮ್ಮ" ಎಂದ ನಾಯಿಮಾವ. "ಬಂದ ತಕ್ಷಣ ಹೇಳಿ."

ತಟ್ಟೆಯನ್ನು ನೆಲದ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದ. ಅಂದಿನಿಂದ ಅಕ್ಕನ ಊಟದ ಹೊತ್ತಿಗೆಲ್ಲ ಅವನು ಹೊರಗೆ ಹೋಗುತ್ತಾನೆ. ಬಸ್ ನಿಲ್ದಾಣದವರೆಗೆ ನಡೆಯುತ್ತಾನೆ, ಯಾವ ಬಸ್ಸನ್ನೂ ಹತ್ತದೆ ವಾಪಸು ಬರುತ್ತಾನೆ. ಕಿಟಕಿಯ ಕೆಳಗೆ ನಿಂತರೆ ಒಳಗೆ ಹೆಂಡತಿಯ ಚಮಚದ ಸದ್ದು ಕೇಳುತ್ತದೆ. ಅಕ್ಕ ಹೊಟ್ಟೆ ತುಂಬ ಉಣ್ಣುತ್ತಾಳೆ. ಬಾಯಿ ಒರೆಸಿಕೊಂಡ ಮೇಲೆ ದಿನವೂ ತಪ್ಪದೆ ಒಂದು ಮಾತು ಕೇಳುತ್ತಾಳೆ: "ನನ್ ತಮ್ಮನಿಗೆ ತೆಗೆದಿಟ್ಟಿದೀಯಾ?"